ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ ಸೋಪಿಗೆ ಬಗ್ಗುತ್ತದೆ: ಮಲೆನಾಡಿನ ಮನೆಗಳಿಗೊಂದು ಮಾರ್ಗದರ್ಶಿ

ಮೂಡಿಗೆರೆ ಕಡೆಯ ನಮ್ಮ ಊರುಗಳಲ್ಲಿ ಮಳೆ ಹಿಡಿದು ಎರಡು ಮೂರು ವಾರವಾಗುವಷ್ಟರಲ್ಲಿ ಮನೆಗೊಬ್ಬರಿಗಾದರೂ ಹೊಟ್ಟೆ ಕೆಡುತ್ತದೆ ಇಲ್ಲವೇ ಜ್ವರ ಬರುತ್ತದೆ, ಪೇಟೆಗೆ ಹೋದವರ ಚೀಲದಲ್ಲಿ ಆ್ಯಂಟಿಬಯಾಟಿಕ್ ಮಾತ್ರೆಯ ಪಟ್ಟಿಯೊಂದು ಮನೆಗೆ ಬರುತ್ತದೆ. ಈ ಮಾತ್ರೆಗಳು ಮೊದಲಿನಂತೆ ನಾಟುತ್ತಿಲ್ಲ ಎಂಬ ಮಾತು ಬಂದಾಗಲೆಲ್ಲ ನಾವು ಮಾತ್ರೆಯ ದುರ್ಬಳಕೆಯನ್ನು ದೂರುತ್ತೇವೆ. ದೂರು ಸರಿಯಾದದ್ದೇ, ಆದರೆ ಅಷ್ಟಕ್ಕೇ ನಿಂತರೆ ಅರ್ಧ ಸಂಗತಿ ಬಿಟ್ಟುಹೋಗುತ್ತದೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾವನ್ನು ಆರಿಸಿ ಉಳಿಸುವುದು ಮಾತ್ರೆ. ಅದನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೊತ್ತು ಹಾಕುವುದು ನಮ್ಮ ಕೈ, ಕೊಡ, ಬಾವಿ, ಕೊಟ್ಟಿಗೆ ಮತ್ತು ಆಸ್ಪತ್ರೆಯ ಮಂಚ. ಈ ಎರಡನೆಯ ಭಾಗದಲ್ಲಿ ಮನೆಯವರು ತಾವಾಗಿಯೇ ಮಾಡಬಹುದಾದ ಕೆಲಸ ಬಹಳವಿರುವುದರಿಂದ ಈ ಲೇಖನವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಹರಡುವ ಬಗೆ

ಬ್ಯಾಕ್ಟೀರಿಯಾಗಳ ಗುಂಪಿನ ಮೇಲೆ ಆ್ಯಂಟಿಬಯಾಟಿಕ್ ಬಿದ್ದಾಗ ಸಾಯುವವು ಸಾಯುತ್ತವೆ. ಅದನ್ನು ತಡೆದುಕೊಳ್ಳುವ ಗುಣ ಮೊದಲೇ ಇದ್ದ ಕೆಲವು ಬದುಕಿಕೊಂಡು, ತೆರವಾದ ಜಾಗದಲ್ಲಿ ಹೆಚ್ಚಿಕೊಳ್ಳುತ್ತವೆ. ಕರುಳಿನಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ಇಷ್ಟೇ ಆಗಿದ್ದರೆ ಚಿಂತೆ ಕಡಿಮೆಯಿತ್ತು. ಈ ತಡೆಯುವ ಗುಣವು ಎಷ್ಟೋ ಬಾರಿ ಪ್ಲಾಸ್ಮಿಡ್ ಎಂಬ, ಉಂಗುರದಂತೆ ಸುತ್ತಿಕೊಂಡ ಡಿಎನ್‌ಎಯ ಸಣ್ಣ ತುಣುಕಿನಲ್ಲಿರುತ್ತದೆ ಮತ್ತು ಒಂದು ಬ್ಯಾಕ್ಟೀರಿಯಾ ಅದರ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ, ಅದು ಬೇರೆ ಜಾತಿಯದೇ ಆಗಿದ್ದರೂ, ದಾಟಿಸಬಲ್ಲದು. ಒಂದು ಮನೆಯ ಹೆಪ್ಪು ಇನ್ನೊಂದು ಮನೆಯ ಹಾಲಿಗೆ ಬಿದ್ದ ಹಾಗೆ. ಕರುಳು, ಶೌಚಗುಂಡಿ, ಚರಂಡಿ, ಗಂಜಲದ ಕಾಲುವೆ ಇವೆಲ್ಲ ಇಂಥ ಕೊಡುಕೊಳ್ಳುವಿಕೆ ನಡೆಯುವ ಜಾಗಗಳು.

ಪಾಕಿಸ್ತಾನದ ಸಿಂಧ್ ಪ್ರಾಂತ್ಯದಲ್ಲಿ 2016ರಿಂದ ಹಬ್ಬಿದ ಟೈಫಾಯಿಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಟೈಫಾಯಿಡ್ ಬ್ಯಾಕ್ಟೀರಿಯಾದಲ್ಲಿ ಸಿಕ್ಕ ಪ್ಲಾಸ್ಮಿಡ್ಡಿನಂಥದೇ ಇ. ಕೋಲಿಯಲ್ಲೂ ಕಂಡುಬಂದಿತ್ತು, ರೋಗ ಹಬ್ಬಿದ್ದು ಕೊಳಚೆ ಬೆರೆತ ಕುಡಿಯುವ ನೀರಿನಿಂದ. ಕೊನೆಗೆ ಬಾಯಿಂದ ನುಂಗುವ ಔಷಧಗಳಲ್ಲಿ ಅಜಿತ್ರೋಮೈಸಿನ್ ಒಂದೇ ಕೆಲಸಕ್ಕೆ ಬರುವ ಸ್ಥಿತಿ ಬಂತು. ನಮ್ಮ ದೇಶದ ಮಾತನ್ನೇ ಹೇಳುವುದಾದರೆ, ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಎಂಬ ಜೀನ್ (ವಂಶವಾಹಿ), 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲಿಯೂ 50 ನಲ್ಲಿ ನೀರಿನ ಮಾದರಿಗಳ ಪೈಕಿ 2ರಲ್ಲಿಯೂ ಸಿಕ್ಕಿತು. ಆಸ್ಪತ್ರೆಯೊಳಗಿನ ಸಮಸ್ಯೆ ಎಂದುಕೊಂಡದ್ದು ನಲ್ಲಿಯಲ್ಲಿ ಬರುತ್ತಿತ್ತು.

2019ರಲ್ಲಿ ಜಗತ್ತಿನಾದ್ಯಂತ ಔಷಧನಿರೋಧಕ ಬ್ಯಾಕ್ಟೀರಿಯಾಗಳಿಂದಲೇ ನೇರವಾಗಿ ಆದ ಸಾವುಗಳು 12.7 ಲಕ್ಷ ಎಂಬುದು ಅಂದಾಜು. ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಈ ನಿರೋಧಕತೆಗೆ ಸಂಬಂಧಿಸಿದ ಸಾವುಗಳಲ್ಲಿ ವರ್ಷಕ್ಕೆ ಸುಮಾರು 7.5 ಲಕ್ಷವನ್ನು ಸೋಂಕು ತಡೆಯುವುದರಿಂದಲೇ ತಪ್ಪಿಸಬಹುದೆಂದು 2024ರ ಲೆಕ್ಕಾಚಾರವೊಂದು ಹೇಳುತ್ತದೆ: ಆಸ್ಪತ್ರೆಗಳ ಸ್ವಚ್ಛತೆಯಿಂದ ಸುಮಾರು 3.37 ಲಕ್ಷ, ಎಲ್ಲರಿಗೂ ಶುದ್ಧ ನೀರು ಮತ್ತು ಶೌಚ ವ್ಯವಸ್ಥೆಯಿಂದ ಸುಮಾರು 2.48 ಲಕ್ಷ, ಲಸಿಕೆಗಳಿಂದ ಸುಮಾರು 1.82 ಲಕ್ಷ. ಹೊಸ ಔಷಧ ಯಾವುದೂ ಈ ಲೆಕ್ಕದಲ್ಲಿಲ್ಲ ಎಂಬುದನ್ನು ಗಮನಿಸಬೇಕು.

ಇನ್ನೊಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಬ್ಯಾಕ್ಟೀರಿಯಾವನ್ನು ಕರುಳಿನಲ್ಲಿ ಹೊತ್ತುಕೊಂಡವರು ಆರೋಗ್ಯವಾಗಿಯೇ ಇರಬಹುದು, ತಿಂಗಳುಗಟ್ಟಲೆ ಇರಬಹುದು. ಆದ್ದರಿಂದ ಯಾರಿಂದ ದೂರ ಇರಬೇಕೆಂದು ಮುಖ ನೋಡಿ ತೀರ್ಮಾನಿಸಲಾಗದು. ತೋಟಕ್ಕೆ ಕೆಲಸಕ್ಕೆ ಬರುವ ಹೊರಊರಿನವರ ಮೇಲೆ ಬೆರಳು ತೋರಿಸುವ ಅಭ್ಯಾಸ ನಮ್ಮಲ್ಲಿದೆ. ಆದರೆ ಹತ್ತು ಮನೆಗೆ ಒಂದೇ ನಲ್ಲಿ, ಒಂದೇ ಶೌಚಾಲಯ ಇರುವ ಲೈನ್ ಮನೆಗಳನ್ನು, ಅಂದರೆ ತೋಟದ ಕೂಲಿಯವರ ಸಾಲುಮನೆಗಳನ್ನು, ಕಟ್ಟಿಸಿದವರು ಅವರಲ್ಲ.

ಒಂದನೆಯ ಹೆಜ್ಜೆ: ಕೈ

ಐದು ಬಗೆಯ ಮಾತ್ರೆಗಳಿಗೆ ಬಗ್ಗದ ಬ್ಯಾಕ್ಟೀರಿಯಾಕ್ಕೂ ಸಾಧಾರಣ ಸೋಪನ್ನು ಎದುರಿಸುವ ಬಲವಿರುವುದಿಲ್ಲ. ಮಾತ್ರೆ ಬ್ಯಾಕ್ಟೀರಿಯಾದ ಒಳಗಿನ ಯಾವುದೋ ಒಂದು ಕೆಲಸವನ್ನು ಕೆಡಿಸಿ ಕೊಲ್ಲುತ್ತದೆ, ಆ ಒಂದು ದಾರಿಯನ್ನು ಬ್ಯಾಕ್ಟೀರಿಯಾ ಮುಚ್ಚಿಕೊಳ್ಳಬಲ್ಲದು. ಸೋಪಾದರೋ ಚರ್ಮದ ಜಿಡ್ಡನ್ನೇ ಸಡಿಲಗೊಳಿಸಿ, ಅಂಟಿಕೊಂಡದ್ದನ್ನೆಲ್ಲ ನೀರಿನ ಜೊತೆ ಇಳಿಸಿಬಿಡುತ್ತದೆ. ಇದಕ್ಕೆ ದುಬಾರಿ ಸೋಪು ಬೇಡ. ಬ್ಯಾಕ್ಟೀರಿಯಾ ಕೊಲ್ಲುವುದೆಂದು ಹೇಳಿಕೊಳ್ಳುವ ಸೋಪುಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಸೇರಿದಂತೆ 19 ರಾಸಾಯನಿಕಗಳು ಸಾಧಾರಣ ಸೋಪಿಗಿಂತ ಹೆಚ್ಚು ಉಪಯುಕ್ತವೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಔಷಧ ಆಡಳಿತವು 2016ರಲ್ಲಿ ಅವುಗಳನ್ನು ಮನೆಬಳಕೆಯ ಸೋಪುಗಳಿಂದ ತೆಗೆಸಿತು.

ಕೈ ತೊಳೆಯಬೇಕಾದ ಹೊತ್ತುಗಳನ್ನು ನೆನಪಿಡಿ: ಶೌಚದ ನಂತರ, ಮಗುವಿನ ಮಲ ತೊಳೆದ ನಂತರ, ಅಡುಗೆಗೆ ಮೊದಲು, ಊಟಕ್ಕೆ ಮೊದಲು, ಕೊಟ್ಟಿಗೆಯಿಂದ ಬಂದ ಕೂಡಲೇ, ಹಸಿ ಮಾಂಸ ಮುಟ್ಟಿದ ನಂತರ, ರೋಗಿಯ ಆರೈಕೆಯ ಹಿಂದೂ ಮುಂದೂ. ಮಕ್ಕಳ ಮಲ ನಿರಪಾಯವೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ಅದು ತಪ್ಪು. ಕೈ ಒದ್ದೆ ಮಾಡಿ ಸೋಪು ಹಚ್ಚಿಕೊಂಡ ಮೇಲೆ ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳ ಬುಡ ಮತ್ತು ಉಗುರಿನ ತುದಿಗಳನ್ನು ಕನಿಷ್ಠ 20 ಸೆಕೆಂಡು ಉಜ್ಜಬೇಕು. ಮುದ್ದೆಯನ್ನು ಮುರಿದು ಅದ್ದುವ ಕೈಗೆ, ಅಕ್ಕಿ ರೊಟ್ಟಿ ತಟ್ಟುವ ಕೈಗೆ ಉಗುರಿನ ತುದಿಯೇ ಮುಖ್ಯ.

ನಿಜವಾದ ಎಡವಟ್ಟು ಆಗುವುದು ತೊಳೆದ ಮೇಲೆ. ಒದ್ದೆ ಕೈ ಒಣಗಿದ ಕೈಗಿಂತ ಹೆಚ್ಚು ಬ್ಯಾಕ್ಟೀರಿಯಾವನ್ನು ಪಡೆಯುತ್ತದೆ, ಹೆಚ್ಚು ದಾಟಿಸುತ್ತದೆ. ನಾವು ಮಾಡುವುದಾದರೂ ಏನು? ಚೆನ್ನಾಗಿ ತೊಳೆದ ಕೈಯನ್ನು ಬೆಳಗಿನಿಂದ ಹೆಗಲ ಮೇಲಿದ್ದ ಟವೆಲಿಗೋ ಸೆರಗಿಗೋ ಒರೆಸಿಕೊಳ್ಳುತ್ತೇವೆ. ಅದೇ ಟವೆಲಿನಲ್ಲಿ ಹಾಲಿನ ಕ್ಯಾನಿನ ಬಾಯಿ ಒರೆಸಿರುತ್ತೇವೆ, ಬೆವರು ಒರೆಸಿರುತ್ತೇವೆ. ಬಚ್ಚಲಿನ ಹತ್ತಿರ ದಿನಕ್ಕೊಂದು ಒಗೆದ ಬಟ್ಟೆ ತೂಗುಹಾಕಿ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲವಾದರೆ ಕೈಯನ್ನು ಕೊಡವಿ ಗಾಳಿಗೆ ಹಿಡಿಯುವುದೇ ಮೇಲು.

ತೋಟದಲ್ಲಿ, ಕಣದಲ್ಲಿ, ಲೈನ್ ಮನೆಯ ಶೌಚಾಲಯದ ಹೊರಗೆ ಸೋಪಿನ ತುಂಡು ಇಟ್ಟರೆ ಉಳಿಯುವುದಿಲ್ಲವೆಂಬುದು ಎಲ್ಲರ ದೂರು. ಒಂದು ಹಳೆಯ ಬಾಟಲಿಯಲ್ಲಿ ನೀರು ತುಂಬಿ, ಬಟ್ಟೆ ಒಗೆಯುವ ಪುಡಿ ಒಂದು ಚಮಚ ಕರಗಿಸಿ, ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ ದಾರದಲ್ಲಿ ಕಟ್ಟಿಬಿಡಿ. ಸೋಪಿನ ಕೆಲಸ ಅದರಿಂದಲೇ ಆಗುತ್ತದೆ, ಅದನ್ನು ಯಾರೂ ಒಯ್ಯುವುದಿಲ್ಲ. ಸ್ಯಾನಿಟೈಸರ್ ಕೂಡ ಔಷಧನಿರೋಧಕ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ಕೈಗೆ ಮಣ್ಣು, ಸಗಣಿ ಅಥವಾ ಜಿಡ್ಡು ಕಾಣುವಂತಿದ್ದರೆ ಅದು ಸಾಲದು.

ಎರಡನೆಯ ಹೆಜ್ಜೆ: ಬಾವಿ

ಬೇಸಿಗೆಯಲ್ಲಿ ಹಗ್ಗ ಸಾಲದ ನಮ್ಮ ಬಾವಿಯಲ್ಲಿ ಜುಲೈ ಹೊತ್ತಿಗೆ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ನೀರು ಹೆಚ್ಚಾಯಿತೆಂದು ಸಂತೋಷಪಡುವ ಅದೇ ಹೊತ್ತಿನಲ್ಲಿ, ಶೌಚಗುಂಡಿಯ ತಳ ಮತ್ತು ಬಾವಿಯ ನೀರು ಒಂದೇ ಮಟ್ಟಕ್ಕೆ ಬಂದಿರುತ್ತವೆ ಎಂಬುದನ್ನು ಮರೆಯುತ್ತೇವೆ. ಶೌಚಗುಂಡಿಗೂ ಬಾವಿಗೂ ನಡುವೆ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಲಿ, ಗುಂಡಿ ಬಾವಿಗಿಂತ ಇಳಿಜಾರಿನ ಕೆಳಬದಿಯಲ್ಲಿರಲಿ. ತಿಪ್ಪೆಗೂ ಇದೇ ನಿಯಮ ಅನ್ವಯಿಸುತ್ತದೆ. ಬಾವಿಗೆ ಎತ್ತರದ ಕಟ್ಟೆ, ಸುತ್ತ ಹೊರಕ್ಕೆ ಇಳಿಜಾರಾದ ಸಿಮೆಂಟ್ ನೆಲ, ಸೇದಲು ಒಂದೇ ಕೊಡ. ಆ ಕೊಡವನ್ನು ನೆಲದ ಮೇಲೆ ಇಡದೆ ರಾಟೆಗೇ ತೂಗುಹಾಕಿ.

ಇನ್ನು ಬ್ಲೀಚಿಂಗ್ ಪೌಡರ್. ಪಂಚಾಯಿತಿಯವರು ಕೊಟ್ಟ ಪುಡಿಯನ್ನು ಕೈಯಲ್ಲಿ ಹಿಡಿದು ಬಾವಿಗೆ ಎರಚಿ ಬರುವುದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಾನೂ ಹಲವು ವರ್ಷ ಹಾಗೆಯೇ ಮಾಡಿದ್ದೇನೆ. ಅದರಿಂದ ಬಾವಿಗೆ ಸುಣ್ಣ ಬೀಳುತ್ತದೆಯೇ ಹೊರತು ಕ್ಲೋರಿನ್ ಸಮನಾಗಿ ಬೆರೆಯುವುದಿಲ್ಲ. ಸರಿಯಾದ ಕ್ರಮ ಹೀಗಿದೆ.

ಮೊದಲು ನೀರಿನ ಪ್ರಮಾಣ ಲೆಕ್ಕ ಹಾಕಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಹಗ್ಗ ಒದ್ದೆಯಾದಷ್ಟು ಉದ್ದವನ್ನು ಅಳೆದರೆ ನೀರಿನ ಆಳ ಸಿಗುತ್ತದೆ. ಬಾವಿಯ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಅಳತೆಗಳು ಮೀಟರಿನಲ್ಲಿದ್ದರೆ ಬಂದ ಉತ್ತರವನ್ನು 1000ದಿಂದ ಗುಣಿಸಿದಾಗ ಲೀಟರ್ ಲೆಕ್ಕ ಸಿಗುತ್ತದೆ. 2 ಮೀಟರ್ ವ್ಯಾಸದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 12,560 ಲೀಟರ್. ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ 1000 ಲೀಟರಿಗೆ ಸುಮಾರು 2.5 ಗ್ರಾಂ ಬೇಕಾಗುವುದರಿಂದ ಈ ಬಾವಿಗೆ 31 ಗ್ರಾಂ ಸಾಕು. ಅದೇ ಬಾವಿಯಲ್ಲಿ ಏಪ್ರಿಲ್ ತಿಂಗಳಲ್ಲಿ 1 ಮೀಟರ್ ನೀರು ಉಳಿದಿದ್ದರೆ 8 ಗ್ರಾಂ ಸಾಕಾಗುತ್ತದೆ. ವರ್ಷವಿಡೀ ಒಂದೇ ಹಿಡಿ ಎರಚುವವರು ಮಳೆಗಾಲದಲ್ಲಿ ಕಡಿಮೆ ಹಾಕಿ ಬೇಸಿಗೆಯಲ್ಲಿ ವಾಸನೆ ತಡೆಯಲಾರದೆ ಒದ್ದಾಡುವುದು ಇದಕ್ಕೇ. ನೀರು ಕೆಂಪಗೆ ಕದಡಿದ್ದರೆ ಕ್ಲೋರಿನ್ ಹೆಚ್ಚು ಬೇಕಾಗುತ್ತದೆ. ಎಷ್ಟು ಎಂಬುದನ್ನು ಆರೋಗ್ಯ ಇಲಾಖೆಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ ತಿಳಿಯಬೇಕು.

ತೂಗಿದ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ, ಸ್ವಲ್ಪ ನೀರು ಬೆರೆಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಮುಕ್ಕಾಲು ಬಕೆಟ್ ಆಗುವಷ್ಟು ನೀರು ಹೊಯ್ದು ಕದಡಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತು ಮೇಲೆ ತಿಳಿ ನಿಲ್ಲುತ್ತದೆ. ಕ್ಲೋರಿನ್ ಇರುವುದು ಆ ತಿಳಿಯಲ್ಲಿ. ತಿಳಿಯನ್ನು ಸೇದುವ ಕೊಡಕ್ಕೆ ಬಗ್ಗಿಸಿಕೊಂಡು, ಕೊಡವನ್ನು ನೀರಿನ ಮಟ್ಟಕ್ಕಿಂತ ಕೆಳಗಿಳಿಸಿ, ಮೇಲೆ ಕೆಳಗೆ, ಆ ಬದಿಗೆ ಈ ಬದಿಗೆ ಚೆನ್ನಾಗಿ ಅಲುಗಾಡಿಸಿ. ತಳದ ಸುಣ್ಣವನ್ನು ಬಾವಿಗೆ ಹಾಕಬಾರದು, ನೀರು ಗಡುಸಾಗುತ್ತದೆ. ಒಂದು ಗಂಟೆಯವರೆಗೆ ಯಾರೂ ನೀರು ಸೇದಬಾರದಾದ್ದರಿಂದ ರಾತ್ರಿ ಊಟವಾದ ಮೇಲೆ ಮಾಡುವುದೇ ಅನುಕೂಲ. ಪುಡಿಯ ಚೀಲದ ಬಾಯಿ ಬಿಚ್ಚಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ, ಮಲೆನಾಡಿನ ತೇವದ ಗಾಳಿಯಲ್ಲಿ ಇನ್ನೂ ಬೇಗ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ, ಘಾಟು ವಾಸನೆ ಹೋದ ಪುಡಿಯನ್ನು ನಂಬದಿರಿ.

ಕ್ಲೋರಿನ್ ಹಾಕಿದರೂ ಕುಡಿಯುವ ನೀರನ್ನು ಮಳೆಗಾಲದಲ್ಲಿ ಕುದಿಸಿಯೇ ಕುಡಿಯಬೇಕೆಂಬುದು ನನ್ನ ಅಭಿಪ್ರಾಯ. ಮರಳುವಂತೆ ಒಂದು ನಿಮಿಷ ಕುದಿಸಿದರೆ ಸಾಕು, ಯಾವ ನಿರೋಧಕ ಗುಣವೂ ರೋಗ ತರುವ ಕರುಳಿನ ಬ್ಯಾಕ್ಟೀರಿಯಾವನ್ನು ಆ ಕಾವಿನಿಂದ ಉಳಿಸದು. ಬಚ್ಚಲ ಹಂಡೆಯಲ್ಲಿ ಬಿಸಿಯಾದ ನೀರು ಕುದಿದ ನೀರಲ್ಲ. ಕುದಿಸಿದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು, ಕೈ ಮುಳುಗಿಸದೆ ಹಿಡಿಯಿರುವ ಸೌಟಿನಿಂದ ತೆಗೆಯಿರಿ. ಬಾವಿಯ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ತಿಳಿಯಲು ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿಗಳಿವೆ. ಗುರುತಿನವರೆಗೆ ನೀರು ತುಂಬಿಟ್ಟು ಒಂದೆರಡು ದಿನದಲ್ಲಿ ಅದು ಕಪ್ಪಾದರೆ ನೀರು ಕೆಟ್ಟಿದೆ ಎಂದು ಅರ್ಥ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಬಗ್ಗೆ ಕೇಳಿ.

ಅಡುಗೆಮನೆಯ ವಿಷಯ ಚಿಕ್ಕದು. ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ಸಿಡಿಯುವ ಹನಿಗಳು ಪಕ್ಕದ ಸೊಪ್ಪು, ಪಾತ್ರೆಗಳ ಮೇಲೆ ಬೀಳುತ್ತವೆ. ಚೆನ್ನಾಗಿ ಬೇಯಿಸಿದರೆ ತೊಳೆಯುವ ಅಗತ್ಯವೇ ಇಲ್ಲ. ಮಾಂಸ ಕತ್ತರಿಸಿದ ಮಣೆಯಲ್ಲಿ ಈರುಳ್ಳಿ ಹೆಚ್ಚಬೇಡಿ.

ಮೂರನೆಯ ಹೆಜ್ಜೆ: ಕೊಟ್ಟಿಗೆ

ಹಾಸನ ಹಾಲು ಒಕ್ಕೂಟದ ವ್ಯಾಪ್ತಿಯಲ್ಲಿ ಹಾಸನ, ಚಿಕ್ಕಮಗಳೂರು, ಕೊಡಗು ಮೂರೂ ಜಿಲ್ಲೆಗಳು ಸೇರುತ್ತವೆ. ಹಾಲು ಹಾಕುವ ಪ್ರತಿ ಮನೆಗೂ ಗೊತ್ತಿರುವ ರೋಗ ಕೆಚ್ಚಲು ಬಾವು, ಹಸುಗಳಿಗೆ ಆ್ಯಂಟಿಬಯಾಟಿಕ್ ಬೀಳುವುದಕ್ಕೆ ದೊಡ್ಡ ಕಾರಣಗಳಲ್ಲೊಂದು. ಅದನ್ನು ತಡೆಯುವುದು ಬಹುಮಟ್ಟಿಗೆ ಸ್ವಚ್ಛತೆಯ ಕೆಲಸ.

ಕರೆಯುವ ಮೊದಲು ಕೈ ತೊಳೆದು, ಮೊಲೆಗಳನ್ನು ತೊಳೆದು ಹಸುವಿಗೊಂದು ಬಟ್ಟೆಯಲ್ಲಿ ಒಣಗಿಸಿ. ಮೊದಲ ಎರಡು ಮೂರು ಸೆಳೆತದ ಹಾಲನ್ನು ನೆಲಕ್ಕೆ ಬಿಡದೆ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ. ಗಂಟು ಗಂಟಾಗಿ ಕಂಡರೆ ಬಾವು ಶುರುವಾಗಿದೆ. ಬಾವು ಇರುವ ಹಸುವನ್ನು ಕೊನೆಯಲ್ಲಿ ಕರೆಯಿರಿ. ಕರೆದಾದ ಮೇಲೆ ಪ್ರತಿ ಮೊಲೆಯನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಿ. ಮೊಲೆಯ ರಂಧ್ರ ಮುಚ್ಚಿಕೊಳ್ಳಲು ಅರ್ಧ ಗಂಟೆಗೂ ಮೇಲೆ ಬೇಕಾಗುವುದರಿಂದ, ಅಷ್ಟು ಹೊತ್ತು ಹಸು ಮಲಗದಂತೆ ಮುಂದೆ ಹುಲ್ಲು ಹಾಕಿ ನಿಲ್ಲಿಸಿ.

ಇಂಜೆಕ್ಷನ್ ಆದ ಹಸುವಿನ ಹಾಲನ್ನು ಔಷಧದ ಡಬ್ಬಿಯ ಮೇಲೆ ಬರೆದಷ್ಟು ದಿನ ಡೈರಿಗೆ ಹಾಕಬಾರದು, ಮನೆಗೂ ಬಳಸಬಾರದು. ಇದು ಬಹಳ ಜನಕ್ಕೆ ಗೊತ್ತು. ಆ ಹಾಲನ್ನು ಕರುವಿಗೆ ಕುಡಿಸಬಾರದೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಕಬರಿ ಹಸುವಿಗೆ ಬಾವು ಬಂದಾಗ ಐದು ದಿನದ ಹಾಲನ್ನು ಚೆಲ್ಲಲು ಮನಸ್ಸು ಬಾರದೆ ನಾನೇ ಕರುವಿನ ಬಕೆಟ್ಟಿಗೆ ಹೊಯ್ದಿದ್ದೆ. ಔಷಧದ ಉಳಿಕೆ ಕರುವಿನ ಕರುಳಿನಲ್ಲಿ ಅದೇ ಆಯ್ಕೆಯ ಕೆಲಸವನ್ನು ಮಾಡುತ್ತದೆ, ಸಗಣಿಯ ಮೂಲಕ ಆಯ್ದ ಬ್ಯಾಕ್ಟೀರಿಯಾ ಹೊರಬರುತ್ತದೆ ಎಂದು ಪಶುವೈದ್ಯರು ಆಮೇಲೆ ವಿವರಿಸಿದರು. ಅಂಥ ಸಗಣಿಯನ್ನು ಹಸಿಯಾಗಿ ತರಕಾರಿ ಮಡಿಗೆ ಹಾಕದೆ, ತಿಪ್ಪೆಯಲ್ಲಿ ಒಟ್ಟಿ, ಒಳಗೆ ಬಿಸಿ ಏರುವಂತೆ ತಿರುವಿಹಾಕಿ ಕೊಳೆಸಬೇಕು. ಒಳಗಿನ ಕಾವು ಹಲವು ದಿನ 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬ್ಯಾಕ್ಟೀರಿಯಾಗಳ ಬಹುಭಾಗ ಸಾಯುತ್ತದೆ. ಕೋಳಿ ಸಾಕಣೆಯವರಿಗೆ ಒಂದು ಮಾತು: ಕೊನೆಯ ಅಸ್ತ್ರವೆನಿಸಿದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈನಲ್ಲೇ ನಿಷೇಧಿಸಿದೆ.

ನಾಲ್ಕನೆಯ ಹೆಜ್ಜೆ: ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದಾಗ

1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಹೆರಿಗೆ ವಾರ್ಡಿಗೆ ಬರುವ ವೈದ್ಯರು ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿ ಬಾಣಂತಿಯರ ಸಾವನ್ನು ಬಹಳಷ್ಟು ಇಳಿಸಿದ. ಆಗ ಆ್ಯಂಟಿಬಯಾಟಿಕ್ ಒಂದೂ ಇರಲಿಲ್ಲ. ವೈದ್ಯರು, ದಾದಿಯರು ಕೈ ಶುಚಿ ಮಾಡಿಕೊಂಡೇ ರೋಗಿಯನ್ನು ಮುಟ್ಟಬೇಕು, ಕೇಳುವ ಹಕ್ಕು ನಮಗಿದೆ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ರೋಗಿಯನ್ನು ಅತಿ ಹೆಚ್ಚು ಮುಟ್ಟುವುದು ಮನೆಯವರೇ.

ಅಮ್ಮನನ್ನು ಹಾಸನದ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದಾಗ ನಾನು ಮಾಡಿದ್ದೂ ಅದನ್ನೇ. ಎದುರು ಮಂಚದ ಮುದುಕರನ್ನು ಎಬ್ಬಿಸಿ ಕೂರಿಸಿ, ಅದೇ ಕೈಯಲ್ಲಿ ಬಂದು ಅಮ್ಮನ ಮೂತ್ರದ ಚೀಲವನ್ನು ಎತ್ತಿ ಹಾಸಿಗೆಯ ಮೇಲಿಟ್ಟು ಬೆಡ್‌ಶೀಟ್ ಸರಿಮಾಡಿದ್ದೆ. ಎರಡು ತಪ್ಪು ಒಟ್ಟಿಗೆ. ಇನ್ನೊಬ್ಬ ರೋಗಿಯನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ನಮ್ಮವರನ್ನು ಮುಟ್ಟಬಾರದು, ಉಪಕಾರ ಮಾಡುವುದು ತಪ್ಪಲ್ಲ. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಮೇಲೆತ್ತಿದರೆ ಚೀಲದ ಮೂತ್ರ ಹಿಂದಕ್ಕೆ ಹರಿದು ಸೋಂಕು ಒಳಹೋಗುತ್ತದೆ. ಚೀಲ ಖಾಲಿ ಮಾಡುವ ಪಾತ್ರೆ ಪ್ರತಿ ರೋಗಿಗೂ ಬೇರೆಯಾಗಿರಬೇಕು. ಡ್ರಿಪ್ ನಳಿಕೆಯನ್ನು, ಗಾಯದ ಪಟ್ಟಿಯನ್ನು ನೀವಾಗಿ ಮುಟ್ಟದೆ ದಾದಿಯನ್ನು ಕರೆಯಿರಿ. ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ದಿನಕ್ಕೊಮ್ಮೆ ಕೇಳಿ, ಅದು ಒಳಗಿದ್ದಷ್ಟು ದಿನವೂ ಅಪಾಯ ಏರುತ್ತದೆ. ಮಂಚದ ಮೇಲೆ ಕೂತು ಊಟ ಮಾಡಬೇಡಿ, ಮೊಬೈಲನ್ನು ಅದರ ಮೇಲಿಡಬೇಡಿ, ಚಿಕ್ಕ ಮಕ್ಕಳನ್ನು ನೋಡಲು ಕರೆದೊಯ್ಯಬೇಡಿ. ಮನೆಗೆ ಬಂದ ಕೂಡಲೇ ಆಸ್ಪತ್ರೆಯಲ್ಲಿ ಬಳಸಿದ ಬಟ್ಟೆ, ಹೊದಿಕೆಗಳನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ.

ಐದನೆಯ ಹೆಜ್ಜೆ: ಕಾಯಿಲೆ ಬಂದೇ ಬಂದಾಗ

ಮಕ್ಕಳ ನೀರುಭೇದಿಯಲ್ಲಿ ಹೆಚ್ಚಿನವುಗಳಿಗೆ ಆ್ಯಂಟಿಬಯಾಟಿಕ್ ಬೇಡ. ಬೇಕಾದದ್ದು ಓಆರ್‌ಎಸ್ ಮತ್ತು ವೈದ್ಯರು ಹೇಳಿದಷ್ಟು ದಿನ ಜಿಂಕ್ ಮಾತ್ರೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಲದಲ್ಲಿ ರಕ್ತವಿದ್ದರೆ, ಮಗು ಮಂಕಾಗಿದ್ದರೆ, ಕುಡಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೆಗಡಿ, ಫ್ಲೂ, ಡೆಂಗಿಗಳು ವೈರಸ್ಸಿನಿಂದ ಬರುವವು, ಅವುಗಳ ಮೇಲೆ ಈ ಮಾತ್ರೆಗಳ ಆಟ ನಡೆಯದು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಅವುಗಳಲ್ಲಿ ಕೆಲವನ್ನು ಮಾರುವಾಗ ರೋಗಿ ಮತ್ತು ವೈದ್ಯರ ಹೆಸರನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಟೈಫಾಯಿಡ್ ಲಸಿಕೆಯ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ. ಬಾರದ ರೋಗಕ್ಕೆ ಔಷಧವೇ ಬೇಡ.

ಜ್ವರ ಬಿಡದಿದ್ದಾಗ ಬೇರೆ ಮಾತ್ರೆ ಬದಲಾಯಿಸುವ ಮೊದಲು ರಕ್ತ ಅಥವಾ ಮೂತ್ರದ ಕಲ್ಚರ್ ಪರೀಕ್ಷೆ ಆಗಬೇಕೇ ಎಂದು ವೈದ್ಯರನ್ನು ಕೇಳಬಹುದು. ಯಾವ ಬ್ಯಾಕ್ಟೀರಿಯಾ, ಅದು ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದೆಲ್ಲ ಆ ವರದಿಯಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಗುಣವಾದ ಮೇಲೆ ಆ ಕಾಗದವನ್ನು ಎಸೆಯದೆ ಆರ್‌ಟಿಸಿ, ಪಡಿತರ ಚೀಟಿ ಇಡುವ ಕಡೆಯೇ ಇಟ್ಟುಕೊಂಡು, ಮುಂದಿನ ಸಲ ಯಾವುದೇ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಮೇಜಿನ ಮೇಲಿಡಿ.